ಎಲ್ಲಾ ಅರ್ಥ ಆಗುತ್ತೆ, ಆದ್ರೆ ಬಾಯಿಗೆ ಬರಲ್ಲ!

ಕೆಲಸಕ್ಕೆ ಹೋಗುವವರಿಗೆ ನಾನು ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಹೊಸದಾಗಿ ಸೇರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಎಲ್ಲಾ ಅರ್ಥ ಆಗುತ್ತೆ. ಮೇಲ್ ಓದ್ತೀನಿ, ಇಂಗ್ಲಿಷ್ ಸಿನಿಮಾನೂ ನೋಡ್ತೀನಿ. ಆದ್ರೆ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದ್ರೆ ಮಾತೇ ಹೊರಡಲ್ಲ."

ಇವರಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಕೆಲಸದಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ರಾತ್ರಿಯಿಡೀ ಕೂತು ಕೆಲಸ ಮುಗಿಸಿದವರು ಒಬ್ಬರು, ಅದನ್ನು ಕ್ಲೈಂಟ್ ಮುಂದೆ ಚೆಂದ ಮಾಡಿ ಹೇಳಿದವರು ಇನ್ನೊಬ್ಬರು. ಅಪ್ರೈಸಲ್ ಹೊತ್ತಿಗೆ ಮ್ಯಾನೇಜರ್‌ಗೆ ನೆನಪಾಗೋದು ಹೇಳಿದವರ ಹೆಸರು. ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿರುತ್ತೆ ಅನ್ನೋ ಒಂದೇ ಕಾರಣಕ್ಕೆ ಒಳ್ಳೆ ಕೆಲಸಕ್ಕೆ ಅರ್ಜಿಯನ್ನೇ ಹಾಕದೆ ಕೂತವರನ್ನೂ ನೋಡಿದ್ದೀನಿ.

"ಹೇಗೆ ಓದ್ತೀರಾ?" ಅಂತ ಕೇಳ್ತೀನಿ. ಗ್ರಾಮರ್ ಪುಸ್ತಕ ಎರಡು ಸಲ ಮುಗಿಸಿದ್ದೀನಿ, ದಿನಾ ಯೂಟ್ಯೂಬ್ ನೋಡ್ತೀನಿ, ಹೊಸ ಪದಗಳ ರೀಲ್ಸ್ ಸೇವ್ ಮಾಡಿಟ್ಟಿದ್ದೀನಿ ಅಂತಾರೆ. ಶ್ರಮಕ್ಕೇನೂ ಕೊರತೆ ಇಲ್ಲ. ಆದರೆ ಇದೆಲ್ಲದರಲ್ಲೂ ಇಂಗ್ಲಿಷ್ ನಮ್ಮ ಒಳಗೆ ಬರ್ತಾ ಇರುತ್ತೆ ಅಷ್ಟೆ. ಒಳಗಿರೋದನ್ನು ಹೊರಗೆ ತರುವ ಅಭ್ಯಾಸ ದಿನಕ್ಕೆ ಐದು ನಿಮಿಷವೂ ಇರೋದಿಲ್ಲ. ಮಾತಾಡುವಾಗ ಬೇಕಾಗೋದು ಅದೇ.

ಮುಚ್ಚಿಟ್ಟು ನೆನಪಿಸಿಕೊಳ್ಳಿ

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಓದಲು ಕೊಟ್ಟರು. ಆಮೇಲೆ ಒಮ್ಮೆ ಪಾಠವನ್ನು ಮತ್ತೆ ಓದಿಸಿದರು, ಇನ್ನೊಮ್ಮೆ ನೋಡದೆ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮುಂದೆ: ಶೇ 81ರಷ್ಟು ನೆನಪಿತ್ತು, ನೋಡದೆ ಬರೆದದ್ದು ಶೇ 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ಉಲ್ಟಾ! ಮತ್ತೆ ಓದಿದ್ದರಲ್ಲಿ ಶೇ 42 ಉಳಿದಿತ್ತು, ನೋಡದೆ ಬರೆದದ್ದರಲ್ಲಿ ಶೇ 56.

ಅದು ಹೊಸ ಭಾಷೆ ಕಲಿಯುವ ಪ್ರಯೋಗ ಅಲ್ಲ, ನಿಜ. ಆದರೆ ನಮಗೂ ಅದರಲ್ಲಿ ಪಾಠ ಇದೆ. ಎರಡನೇ ಸಲ ಓದುವಾಗ ಎಲ್ಲಾ ಪರಿಚಯದ್ದು ಅನಿಸುತ್ತೆ, ಅದನ್ನೇ ನಾವು "ಬಂತು" ಅಂದ್ಕೊಳ್ತೀವಿ.

ಹಾಗಾಗಿ ಹೀಗೆ ಮಾಡಿ. ಇಂಗ್ಲಿಷ್‌ನಲ್ಲಿ ಹತ್ತು ಸಾಲು ಓದಿ. ಆಫೀಸ್ ಮೇಲ್ ಆದರೂ ಸರಿ, ಕ್ರಿಕೆಟ್ ಸುದ್ದಿ ಆದರೂ ಸರಿ. ಫೋನ್ ಮಗುಚಿಡಿ. ಓದಿದ್ದನ್ನು ಒಂದು ನಿಮಿಷ ನಿಮ್ಮದೇ ಇಂಗ್ಲಿಷ್‌ನಲ್ಲಿ ಜೋರಾಗಿ ಹೇಳಿ. ತಡವರಿಸಿದ ಜಾಗ ಯಾವುದು ಅಂತ ಗಮನದಲ್ಲಿಟ್ಟು, ಮತ್ತೆ ತೆರೆದು ಅಲ್ಲಿ ಹೇಗೆ ಬರೆದಿದ್ದಾರೆ ನೋಡಿ. ಇವತ್ತು ನೀವು ಕಲಿಯಬೇಕಾದದ್ದು ಆ ಎರಡು ಮೂರು ಜಾಗ ಮಾತ್ರ.

ಮರೆಯುವ ಹೊತ್ತಿಗೆ ಮತ್ತೆ ನೋಡಿ

ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಬೇಗ ಸೋರಿಹೋಗುತ್ತೆ, ಆಮೇಲೆ ಸೋರೋದು ನಿಧಾನ ಆಗುತ್ತೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿಟ್ಟ. ಭಾನುವಾರ ಮೂರು ಗಂಟೆ ಓದಿ ವಾರವಿಡೀ ಬಿಡೋದಕ್ಕಿಂತ ದಿನಾ ಇಪ್ಪತ್ತೈದು ನಿಮಿಷ ಮೇಲು ಅಂತ ನಾನು ಹೇಳೋದು ಇದಕ್ಕೇ.

ಇದಕ್ಕೊಂದು ಸುಲಭ ಉಪಾಯ ಇದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಜರ್ಮನ್ ಪತ್ರಕರ್ತ ಕಾರ್ಡ್ ಡಬ್ಬಿಯ ವಿಧಾನ ಹೇಳಿಕೊಟ್ಟ. ಅದನ್ನು ಮನೆಯಲ್ಲಿ ಹೀಗೆ ಮಾಡಬಹುದು: ಚಿಕ್ಕ ಕಾರ್ಡ್‌ಗಳ ಮೂರು ಕಟ್ಟು. ಮೊದಲ ಕಟ್ಟು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದ ಕಾರ್ಡ್ ಮುಂದಿನ ಕಟ್ಟಿಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಕಾರ್ಡ್ ಬರೆಯಲು ಬೇಜಾರಾದರೆ ಇದೇ ಕೆಲಸವನ್ನು ಆಂಕಿ ಅನ್ನೋ ಆ್ಯಪ್ ಮಾಡುತ್ತೆ. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ದುಡ್ಡು ಕೊಡಬೇಕು.

ಒಂದು ಮಾತು ಮಾತ್ರ ಮರೀಬೇಡಿ. ಕಾರ್ಡಿನ ಮುಂದೆ ಕನ್ನಡ ಇರಲಿ, ಹಿಂದೆ ಇಂಗ್ಲಿಷ್ ಇರಲಿ. ಇಂಗ್ಲಿಷ್ ನೋಡಿ ಅರ್ಥ ಹೇಳೋದು ನಿಮಗೆ ಈಗಾಗಲೇ ಬರುತ್ತೆ. ಕನ್ನಡದಲ್ಲಿ ಹೊಳೆದದ್ದನ್ನು ಇಂಗ್ಲಿಷ್‌ನಲ್ಲಿ ಹೇಳೋದೇ ತಾನೆ ಕಷ್ಟ?

ದೊಡ್ಡ ಪದ ಬೇಡ, ನಿಮ್ಮ ವಾಕ್ಯ ಬೇಕು

"ದಿನಕ್ಕೆ ಹತ್ತು ಕಷ್ಟದ ಪದ" ಕಲಿಸುವ ರೀಲ್ಸ್ ಬಿಟ್ಟುಬಿಡಿ. ಆಗಿನ ಬಂಗಾಳದ ಢಾಕಾದಲ್ಲಿ ಮೇಷ್ಟ್ರುಗಳಿಗೇ ಪಾಠ ಹೇಳುವ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಹತ್ತಕ್ಕೆ ಸುಮಾರು ಎಂಟು ಪದ ಈ ಪಟ್ಟಿಯವೇ. ಗೆಟ್, ಟೇಕ್, ಪುಟ್, ಮೇಕ್ ಥರದ ಪದಗಳು. ನಿಮಗೆ ಇವೆಲ್ಲ ಗೊತ್ತೇ ಇದೆ. ಗೊತ್ತಿರೋದನ್ನು ಜೋಡಿಸಿ ಹೇಳುವ ಕೈಚಳಕ ಬರಬೇಕು.

ಅದಕ್ಕೆ ನಿಮ್ಮ ಕೆಲಸದಲ್ಲಿ ದಿನಾ ಬೇಕಾಗುವ ಮೂವತ್ತು ವಾಕ್ಯ ಕನ್ನಡದಲ್ಲಿ ಬರೆದುಕೊಳ್ಳಿ. "ಇನ್ನೂ ಮುಗಿದಿಲ್ಲ, ಗುರುವಾರದೊಳಗೆ ಕಳಿಸ್ತೀನಿ": "ಇಟ್ಸ್ ನಾಟ್ ಡನ್ ಯೆಟ್, ಐ ವಿಲ್ ಸೆಂಡ್ ಇಟ್ ಬೈ ಥರ್ಸ್‌ಡೇ." "ಇನ್ನೊಂದು ಸಲ ಹೇಳ್ತೀರಾ?": "ಕುಡ್ ಯು ಸೇ ದಟ್ ಅಗೇನ್?" "ನೋಡಿ ಹೇಳ್ತೀನಿ": "ಲೆಟ್ ಮಿ ಚೆಕ್ ಆ್ಯಂಡ್ ಗೆಟ್ ಬ್ಯಾಕ್ ಟು ಯು." ನರ್ಸ್ ಆದರೆ ನಿಮ್ಮ ಮೂವತ್ತು ಬೇರೆ, ಅಕೌಂಟ್ಸ್‌ನವರದ್ದು ಬೇರೆ. ಹಿರಿಯ ಸಹೋದ್ಯೋಗಿ ಒಬ್ಬರಿಗೆ ತೋರಿಸಿ ಸರಿಪಡಿಸಿಕೊಂಡು ಕಾರ್ಡಿಗೆ ಹಾಕಿ.

ಕನ್ನಡದ ದಾರಿ ಬೇರೆ ಇರುವ ಕಡೆ ಹುಷಾರು

ಇಡೀ ಗ್ರಾಮರ್ ಪುಸ್ತಕ ಮೊದಲಿಂದ ಓದಬೇಕಾಗಿಲ್ಲ. ಕನ್ನಡ ಒಂದು ಥರ, ಇಂಗ್ಲಿಷ್ ಇನ್ನೊಂದು ಥರ ಹೇಳುವ ಕಡೆ ಗಮನ ಕೊಟ್ಟರೆ ಬಹಳಷ್ಟು ತಪ್ಪು ನಿಲ್ಲುತ್ತೆ.

ನನ್ನ ಕ್ಲಾಸಿನ ಹುಡುಗನೊಬ್ಬನಿಗೆ ಆದದ್ದು ಕೇಳಿ. ಕ್ಲೈಂಟ್ ಕೇಳಿದರು, "ಹ್ಯಾವಂಟ್ ಯು ಸೆಂಟ್ ದ ಫೈಲ್?" ಇವನು "ಯೆಸ್" ಅಂದ. "ಫೈಲ್ ಕಳಿಸಿಲ್ವಾ?" ಅಂದ್ರೆ ನಾವು "ಹೌದು, ಕಳಿಸಿಲ್ಲ" ಅಂತೀವಲ್ಲ, ಅದೇ ಲೆಕ್ಕ. ಇಂಗ್ಲಿಷ್‌ನಲ್ಲಿ ಆ ಯೆಸ್‌ಗೆ ಕಳಿಸಿದ್ದೀನಿ ಅಂತ ಅರ್ಥ. ಅವರು ಎರಡು ದಿನ ಫೈಲ್ ಹುಡುಕಿ, ಕೊನೆಗೆ ಇವನು ಸುಳ್ಳು ಹೇಳಿದ ಅಂತ ಮ್ಯಾನೇಜರ್‌ಗೆ ಬರೆದರು. ಪಾಪ, ಹುಡುಗ ಹೇಳಿದ್ದು ನಿಜಾನೇ, ಕನ್ನಡದ ಲೆಕ್ಕದಲ್ಲಿ! ಕಳಿಸಿಲ್ಲ ಅಂದ್ರೆ "ನೋ, ಐ ಹ್ಯಾವಂಟ್" ಅನ್ನಬೇಕು. ಬರೀ ಯೆಸ್, ಬರೀ ನೋ ಬೇಡ, ವಾಕ್ಯ ಪೂರ್ತಿ ಮಾಡಿ. ಗೊಂದಲಕ್ಕೆ ಜಾಗವೇ ಇರಲ್ಲ.

ಇನ್ನೊಂದು ನಮ್ಮ "ಇಂದ". "ಐದು ವರ್ಷದಿಂದ" ಅಂತೀವಿ, "2021ರಿಂದ" ಅಂತಲೂ ಅಂತೀವಿ. ಇಂಗ್ಲಿಷ್‌ನಲ್ಲಿ ಎಷ್ಟು ಕಾಲ ಅನ್ನೋದಕ್ಕೆ "ಫಾರ್ ಫೈವ್ ಇಯರ್ಸ್", ಯಾವಾಗಿನಿಂದ ಅನ್ನೋದಕ್ಕೆ "ಸಿನ್ಸ್ 2021". ಕ್ರಿಯಾಪದವೂ ಬದಲಾಗುತ್ತೆ. "ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್" ಅಲ್ಲ, "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್." ಇಂಟರ್‌ವ್ಯೂನಲ್ಲಿ ಈ ವಾಕ್ಯ ಬಂದೇ ಬರುತ್ತೆ, ಇವತ್ತೇ ಕಾರ್ಡಿಗೆ ಹಾಕಿ.

ಕೇಳ್ತಾ ಕೇಳ್ತಾ ಜೊತೆಗೇ ಹೇಳಿ

ಉಚ್ಚಾರಣೆಗೆ ನೆರಳಿನ ಹಾಗೆ ಹಿಂದೆ ಹಿಂದೆ ಹೋಗೋದೇ ಒಳ್ಳೆ ದಾರಿ. ಬಿಬಿಸಿಯ "ಸಿಕ್ಸ್ ಮಿನಿಟ್ ಇಂಗ್ಲಿಷ್" ಕಾರ್ಯಕ್ರಮಕ್ಕೆ ಮಾತಿನ ಬರಹರೂಪವೂ ಸಿಗುತ್ತೆ. ಒಂದು ನಿಮಿಷದ ತುಣುಕು ಸಾಕು. ಮೊದಲು ಬರೀ ಕೇಳಿ. ಆಮೇಲೆ ಬರಹ ನೋಡ್ತಾ ಕೇಳಿ. ಮೂರನೇ ಸಲ ಅವರ ಹಿಂದೆಯೇ ನೀವೂ ಹೇಳಿ. ನಾಲ್ಕನೇ ಸಲ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಹೋಲಿಸಿ.

ಒತ್ತು ಎಲ್ಲಿ ಬೀಳುತ್ತೆ ಅಂತ ಗಮನಿಸಿ. ಕನ್ನಡದಲ್ಲಿ ಅಕ್ಷರಗಳನ್ನು ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಹೇಳ್ತೀವಿ. ಇಂಗ್ಲಿಷ್ ಪದದಲ್ಲಿ ಒಂದು ಕಡೆ ಜೋರು, ಉಳಿದದ್ದು ಮೆತ್ತಗೆ. "ಡೆವಲಪ್" ಅನ್ನೋದರಲ್ಲಿ ನಾವು "ಡೆ" ಮೇಲೆ ಒತ್ತು ಹಾಕ್ತೀವಿ, ಅವರು "ವೆ" ಮೇಲೆ ಹಾಕ್ತಾರೆ. ವಿದೇಶಿ ಕ್ಲೈಂಟ್ "ಸಾರಿ?" ಅಂತ ಮತ್ತೆ ಮತ್ತೆ ಕೇಳೋದಕ್ಕೆ ಎಷ್ಟೋ ಸಲ ಇದೇ ಕಾರಣ. ಲಂಡನ್ನಿನವರ ಹಾಗೆ ಮಾತಾಡಬೇಕಾಗಿಲ್ಲ. ನಮ್ಮೂರಿನ ಧಾಟಿ ಇದ್ದರೆ ಇರಲಿ, ಎದುರಿನವರಿಗೆ ಅರ್ಥ ಆದರೆ ಸಾಕು.

ದಿನಕ್ಕೆ ಇಪ್ಪತ್ತೈದು ನಿಮಿಷ

ಲೆಕ್ಕ ಹಾಕಿ. ಮೆಟ್ರೊದಲ್ಲೋ ಬಸ್ಸಲ್ಲೋ ಕಾರ್ಡ್ ಹತ್ತು ನಿಮಿಷ. ಓದಿ, ಮುಚ್ಚಿ, ಹೇಳೋದು ಐದು ನಿಮಿಷ. ಕೇಳ್ತಾ ಹೇಳೋದು ಹತ್ತು ನಿಮಿಷ, ಇದಕ್ಕೆ ಟೆರೇಸ್ ಆದರೆ ಒಳ್ಳೆಯದು, ಪಕ್ಕದ ಮನೆಯವರು ಏನಂದ್ಕೊಂಡಾರು ಅನ್ನೋ ಭಯ ಇರಲ್ಲ. ವಾರಕ್ಕೊಂದು ಸಲ ನಿಮ್ಮ ಹಾಗೇ ಕಲೀತಿರೋ ಸ್ನೇಹಿತರ ಜೊತೆ ಅರ್ಧ ಗಂಟೆ ಫೋನಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಿ. ಒಬ್ಬರು ಕ್ಲೈಂಟ್, ಒಬ್ಬರು ನೀವು. ತಪ್ಪುಗಳನ್ನು ಆಮೇಲೆ ಹೇಳಿಕೊಳ್ಳಿ, ಮಾತಿನ ಮಧ್ಯೆ ತಡೀಬೇಡಿ.

ಮೊದಲ ಎರಡು ವಾರ ಬೇಜಾರಾಗುತ್ತೆ. ನೋಡದೆ ಹೇಳುವಾಗ ಏನೂ ಬರ್ತಿಲ್ಲ ಅನಿಸುತ್ತೆ, ಪುಸ್ತಕ ಓದುವಾಗ ಸಿಗ್ತಿದ್ದ ಸಮಾಧಾನ ಸಿಗಲ್ಲ. ಆ ತಡವರಿಕೆ ಇದ್ದೇ ಇರುತ್ತೆ, ಬಿಡಬೇಡಿ. ನನ್ನ ಕ್ಲಾಸಿನಲ್ಲಿ ಉಳಿದುಕೊಂಡವರೆಲ್ಲ ಆ ಎರಡು ವಾರ ದಾಟಿದವರೇ.

ಆಫೀಸಲ್ಲಿ ಯಾರಾದರೂ ನಿಮ್ಮ ಇಂಗ್ಲಿಷ್ ಕೇಳಿ ನಕ್ಕರೆ? ನಗಲಿ ಬಿಡಿ. ನಿಮಗೆ ಕನ್ನಡ ಬರುತ್ತೆ, ಕೆಲಸ ಬರುತ್ತೆ, ಈಗ ಇಂಗ್ಲಿಷೂ ಬರ್ತಾ ಇದೆ. ನಾಳೆ ಮೀಟಿಂಗ್‌ನಲ್ಲಿ ಒಂದೇ ಒಂದು ವಾಕ್ಯ ಹೇಳೋದು ಅಂತ ಇಟ್ಟುಕೊಳ್ಳಿ. ಅದನ್ನು ಇವತ್ತು ರಾತ್ರಿ ಬರೆದು, ಮುಚ್ಚಿಟ್ಟು, ಐದು ಸಲ ಜೋರಾಗಿ ಹೇಳಿ ಮಲಗಿ.