ಹೆಚ್ಚುಕಡಿಮೆ ಸಸ್ಯಾಹಾರಿ

ಕಳೆದ ಬುಧವಾರ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಡೈರಿಯ ಹಾಳೆಗೆ ಅಂಟಿಸಿ ಕಳಿಸಿದ್ದರು. ಮಕ್ಕಳ ಊಟದ ಡಬ್ಬಿಗೆ ಸಸ್ಯಾಹಾರ ಮಾತ್ರ ಹಾಕಬೇಕು, ಮೊಟ್ಟೆಯೂ ಬೇಡ ಎಂಬುದು ಅದರ ಸಾರ. ಯಾಕೆ ಅಂತ ಬರೆದಿರಲಿಲ್ಲ. ಅವತ್ತು ಬೆಳಿಗ್ಗೆ ನಾನು ಕಳಿಸಿದ್ದು ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಒಂದು ಬೇಯಿಸಿದ ಮೊಟ್ಟೆಯ ಎರಡು ಹೋಳು. ಚಪಾತಿ, ಪಲ್ಯ ಖಾಲಿಯಾಗಿದ್ದವು. ಹೋಳುಗಳು ಹಾಗೇ ವಾಪಸ್ ಬಂದಿದ್ದವು. ಶೂ ಬಿಚ್ಚುತ್ತಾ ಏಳು ವರ್ಷದ ಮಗಳು ಕೇಳಿದಳು, "ಅಮ್ಮಾ, ಮೊಟ್ಟೆ ಕೊಳಕಾ?"

ಹದಿನೇಳು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳನ್ನು ನಡೆಸುತ್ತಿದ್ದೇನೆ. ಕ್ಲೈಂಟುಗಳ ಎಂಥೆಂಥ ಪ್ರಶ್ನೆಗೋ ಕ್ಷಣದಲ್ಲಿ ಉತ್ತರ ಹುಟ್ಟಿಸಿದ್ದೇನೆ. ಇದಕ್ಕೆ ತಕ್ಷಣ ಮಾತು ಹೊರಡಲಿಲ್ಲ. ಈ ಲೇಖನ ಆ ಉತ್ತರದ ತಡವಾದ ಆವೃತ್ತಿ ಅಂದುಕೊಳ್ಳಿ.

ತಮಾಷೆಯೆಂದರೆ, ಚೀಟಿ ಬರೆದವರು ನಮ್ಮ ಅಡುಗೆಮನೆಗೆ ಬಂದು ಒಂದು ವಾರ ಕೂತರೆ ಅವರಿಗೆ ಖುಷಿಯಾಗುತ್ತದೆ. ನಮ್ಮದು ಹೆಚ್ಚುಕಡಿಮೆ ಸಸ್ಯಾಹಾರದ ಮನೆ. ಬೆಳಿಗ್ಗೆ ಐದೂವರೆಗೆ ಎದ್ದು ಮೊದಲು ಮಾಡುವುದು ರಾಗಿ ಗಂಜಿ. ಊರಿಗೆ ಹೋದಾಗಲೆಲ್ಲ ಮಂಡ್ಯದಿಂದ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಹೊತ್ತು ತರುವ ಮೊಳಕೆ ರಾಗಿ ಹಿಟ್ಟು, ಹಾಲು, ಬೆಲ್ಲ. ನಾಲ್ಕು ವರ್ಷದ ಮಗನ ಲೋಟಕ್ಕೆ ಒಂದು ಚಮಚ ಕಡಲೆಕಾಯಿ ಪುಡಿ. ಇಡೀ ಕಡಲೆಕಾಯಿ ಬೀಜವನ್ನು ಅವನ ಕೈಗೆ ಕೊಡಲು ಇನ್ನೂ ಧೈರ್ಯವಿಲ್ಲ, ಗಂಟಲಲ್ಲಿ ಸಿಕ್ಕಿಕೊಂಡೀತು ಅಂತ. ಎಂಟು ಗಂಟೆಗೆ ಇಡ್ಲಿಯೋ ದೋಸೆಯೋ, ಜೊತೆಗೆ ತೊಗರಿಬೇಳೆ ಧಾರಾಳ ಬಿದ್ದ ಸಾಂಬಾರು. ಮಧ್ಯಾಹ್ನದ ಡಬ್ಬಿಯಲ್ಲಿ ಒಂದು ಕಾಳಿನ ಪಲ್ಯ ಇರಲೇಬೇಕು. ಸಂಜೆ ಕಡಲೆಕಾಳಿನ ಉಸ್ಲಿ, ಮೇಲೆ ನಿಂಬೆಹಣ್ಣು. ರಾತ್ರಿ ಮಸೊಪ್ಪು ಅಥವಾ ಬಸ್ಸಾರು, ಮಕ್ಕಳಿಗೆ ನಿಂಬೆ ಗಾತ್ರದ ಮುದ್ದೆ. ನುಂಗಬೇಕು, ಅಗಿಯಬಾರದು ಎನ್ನುವುದು ಮಗನಿಗೆ ದೊಡ್ಡ ಆಟ.

ಇದರಲ್ಲಿ ವಾರಕ್ಕೆ ನಾಲ್ಕು ಸಲ ಮೊಟ್ಟೆ ಬರುತ್ತದೆ, ಭಾನುವಾರ ಮೀನು ಬರುತ್ತದೆ. ನಾವಿರುವುದು ರಾಯಪುರಂನಲ್ಲಿ, ಕಾಸಿಮೇಡು ಮೀನುಗಾರಿಕಾ ಬಂದರು ಹತ್ತಿರ. ನೆತ್ತಿಲಿ, ಭೂತಾಯಿ, ಕಿಸೆಗೆ ಭಾರವಾಗದಂಥ ಸಣ್ಣ ಮೀನು. ಏಪ್ರಿಲ್ 15ರಿಂದ ಜೂನ್ 14ರವರೆಗೆ, ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನ, ಅದೂ ಅಪರೂಪ. ಮಟನ್ ಅಂದರೆ ಯುಗಾದಿಯ ಮಾರನೆಯ ಹೊಸ ತೊಡಕು, ಇಲ್ಲವೇ ನೆಂಟರು ಬಂದಾಗ. ಅಷ್ಟೇ. ತಟ್ಟೆ ಲೆಕ್ಕ ಹಾಕಿದರೆ ನೂರಕ್ಕೆ ತೊಂಬತ್ತು ಸೊಪ್ಪು, ಕಾಳು, ಧಾನ್ಯ.

ನನ್ನ ಪ್ರಕಾರ ನಮ್ಮ ನಾಡಿನ ಬಹುಪಾಲು ಜನರ ಊಟ ಹೀಗೇ ಇದೆ. ನಾನು ಬೆಳೆದ ನಾಗಮಂಗಲ ಕಡೆಯ ಹಳ್ಳಿಯಲ್ಲಿ ಸೋಮವಾರ ತಿನ್ನುತ್ತಿರಲಿಲ್ಲ, ಶನಿವಾರ ತಿನ್ನುತ್ತಿರಲಿಲ್ಲ, ಶ್ರಾವಣದಲ್ಲಿ ತಿನ್ನುತ್ತಿರಲಿಲ್ಲ. ಉಳಿದ ದಿನ ದುಡ್ಡಿರಲಿಲ್ಲ. ಹಾಗಂತ ಯಾರೂ ನಮ್ಮನ್ನು ಸಸ್ಯಾಹಾರಿಗಳು ಅಂದಿದ್ದಿಲ್ಲ. ಇಲ್ಲಿ ಪಕ್ಕದ ಮನೆಯವರು ಮೀನುಗಾರರು. ಅವರ ತಟ್ಟೆಯಲ್ಲೂ ಬೆಟ್ಟದಷ್ಟು ಅನ್ನ, ಒಂದು ಸೌಟು ಸೊಪ್ಪು, ಹೆಬ್ಬೆರಳಿನಷ್ಟು ಒಣಮೀನು. ಆಡಿ ತಿಂಗಳಲ್ಲಿ ಉತ್ತರ ಚೆನ್ನೈಯ ಅಮ್ಮನ್ ಗುಡಿಗಳ ಮುಂದೆ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕೂಳು ಹುಯ್ಯುತ್ತಾರೆ. ಅದು ನಮ್ಮ ರಾಗಿ ಅಂಬಲಿಯೇ. ನಂಚಿಕೊಳ್ಳಲು ಈರುಳ್ಳಿ, ನುಗ್ಗೆಸೊಪ್ಪು, ಕೆಲವು ಮನೆಗಳಲ್ಲಿ ಒಣಮೀನಿನ ಗೊಜ್ಜು. ಮೊದಲ ವರ್ಷ ಅದನ್ನು ಕುಡಿದಾಗ ನನಗೆ ಊರು ಸಿಕ್ಕಿದ ಹಾಗಾಯಿತು. ದೇವಿಗೆ ಆ ಒಣಮೀನಿನಿಂದ ಮೈಲಿಗೆಯಾದದ್ದು ನಾನಂತೂ ಕೇಳಿಲ್ಲ.

ಈ 'ಹೆಚ್ಚುಕಡಿಮೆ'ಗೆ ನಮ್ಮ ನಗರಗಳಲ್ಲಿ ಜಾಗವಿಲ್ಲ. ಅರ್ಜಿಯಲ್ಲಿ ಎರಡೇ ಚೌಕ. ವೆಜ್, ನಾನ್‌ವೆಜ್. ಹನ್ನೊಂದು ವರ್ಷದ ಹಿಂದೆ ಈ ಊರಿಗೆ ಬಂದಾಗ ದಕ್ಷಿಣ ಚೆನ್ನೈಯಲ್ಲಿ ಒಂದು ಮನೆ ನೋಡಿದೆವು. ಮುಂಗಡದ ಮಾತೂ ಮುಗಿದಿತ್ತು. ಯಜಮಾನರು ಕೇಳಿದರು, ನಾನು ಪ್ರಾಮಾಣಿಕವಾಗಿ 'ಹೆಚ್ಚಾಗಿ ವೆಜ್, ಆಗೀಗ ಮೊಟ್ಟೆ, ಮೀನು' ಅಂದೆ. ಮನೆ ಸಿಗಲಿಲ್ಲ. ಗಂಡನ ಕೆಲಸ ಬಂದರಿನಲ್ಲಿ, ಹಾಗಾಗಿ ರಾಯಪುರಂ ನಮಗೆ ಒಳ್ಳೆಯದೇ ಆಯಿತು ಅನ್ನಿ. ಅದಕ್ಕಿಂತ ಚುಚ್ಚಿದ್ದು ಆಮೇಲೆ ಒಂದು ರಾಜ್ಯೋತ್ಸವದ ಊಟದಲ್ಲಿ ಕನ್ನಡದವರೇ ಒಬ್ಬರು ಪ್ರೀತಿಯಿಂದ ಆಡಿದ ಮಾತು: "ಹೌದಾ? ನೀವು ನೋಡೋಕೆ ವೆಜ್ ಥರ ಕಾಣ್ತೀರಲ್ಲ!" ವೆಜ್ ಥರ ಕಾಣುವುದು ಅಂದರೇನು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಮಾತಿಗೆ ತರಕಾರಿಯ ಸಂಬಂಧ ಏನೂ ಇಲ್ಲ.

ಈಗ ಶಾಲೆಯ ಚೀಟಿಗೆ ಬರುತ್ತೇನೆ. ಅದು ಆರೋಗ್ಯದ ಕಾಳಜಿಯಾಗಿದ್ದರೆ ನಾನೇ ಮೊದಲು ಸಹಿ ಹಾಕುತ್ತಿದ್ದೆ. ಆದರೆ ಅದೇ ತರಗತಿಯಲ್ಲಿ ಕ್ರೀಮ್ ಬಿಸ್ಕತ್ತಿಗೆ ಅಡ್ಡಿಯಿಲ್ಲ, ಎರಡು ನಿಮಿಷದ ನೂಡಲ್ಸಿಗೆ ಅಡ್ಡಿಯಿಲ್ಲ, ಚಿಪ್ಸಿಗೆ ಅಡ್ಡಿಯಿಲ್ಲ. ಅವುಗಳ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ. ಆ ಚುಕ್ಕೆ ಹೇಳುವುದು ಒಳಗೆ ಏನಿಲ್ಲ ಎಂಬುದನ್ನು ಮಾತ್ರ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಎಲ್ಲವೂ ಆ ಚುಕ್ಕೆಯ ನೆರಳಲ್ಲಿ ಆರಾಮಾಗಿ ಶಾಲೆ ಸೇರುತ್ತವೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಬೋರ್ನ್‌ವಿಟಾದಂಥ ಪಾನೀಯಗಳನ್ನು 'ಆರೋಗ್ಯ ಪಾನೀಯ'ಗಳ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಬೇಕಾಯಿತು. ಅಲ್ಲಿಯವರೆಗೆ ನಮ್ಮಂಥ ಓದಿದವರು ಅದನ್ನು ಆರೋಗ್ಯ ಅಂತಲೇ ಕಲಸಿ ಕುಡಿಸುತ್ತಿದ್ದೆವು. ಆರೇಳು ರೂಪಾಯಿಯ ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಒಳ್ಳೆಯ ಪ್ರೋಟೀನ್ ಇದೆ, ಬಿ12 ಇದೆ. ಅದಕ್ಕೆ ಗೇಟಿನಲ್ಲಿ ತಡೆ.

ಮಕ್ಕಳಿಗೆ ಹೆಚ್ಚಾಗಿ ಸಸ್ಯಾಹಾರವನ್ನೇ ಕೊಡುವವರು ಒಂದು ವಿಷಯ ಬೇಗ ಕಲಿಯುತ್ತಾರೆ. ಮಗುವಿನ ಹೊಟ್ಟೆ ಚಿಕ್ಕದು. ಸೊಪ್ಪು, ತರಕಾರಿ, ತವುಡಿನ ಸಮೇತದ ಧಾನ್ಯ ಬೇಗ ಹೊಟ್ಟೆ ತುಂಬಿಸುತ್ತವೆ, ಬೇಕಾದಷ್ಟು ಶಕ್ತಿ ಮಾತ್ರ ಒಳಗೆ ಹೋಗಿರುವುದಿಲ್ಲ. ದೊಡ್ಡವರಾದ ನಾವು ತೂಕ ಇಳಿಸಲು ತಿನ್ನುವ ಸಲಾಡಿನ ತರ್ಕವನ್ನು ನಾಲ್ಕು ವರ್ಷದ ಹುಡುಗನ ಮೇಲೆ ಹೇರಿದರೆ ಅವನು ಹಸಿದೇ ಇರುತ್ತಾನೆ. ಅದಕ್ಕೇ ತುಪ್ಪ, ಎಣ್ಣೆ, ಕಡಲೆಕಾಯಿ, ಎಳ್ಳು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಂ ದಾಟುತ್ತದೆ. ಆದರೆ ಕಾಳು ಮತ್ತು ಧಾನ್ಯಗಳಲ್ಲಿನ ಫೈಟೇಟ್ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದರ ಕಾಟ ಕಡಿಮೆ, ನಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಹತ್ತುವುದು ಹೆಚ್ಚು. ನಮ್ಮಜ್ಜಿ ಕಾಳು ಮೊಳಕೆ ಕಟ್ಟುತ್ತಿದ್ದಳು, ಫೈಟೇಟ್ ಹೆಸರು ಕೇಳಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಬಿ12 ಮಾತ್ರ ಗಿಡದಿಂದ ಬರುವುದಿಲ್ಲ. ಹಾಲು, ಮೊಸರು ಸ್ವಲ್ಪ ಕೊಡುತ್ತವೆ, ಮೊಟ್ಟೆ, ಮೀನು ಕೊಡುತ್ತವೆ. ಹಾಲೂ ಬೇಡ ಎನ್ನುವವರು ಮಾತ್ರೆಯೋ ಬಿ12 ಸೇರಿಸಿದ ಆಹಾರವೋ ಕೊಡಬೇಕು. ಹಾಗೆ ಲೆಕ್ಕವಿಟ್ಟು ಮಕ್ಕಳನ್ನು ಚೆನ್ನಾಗಿ ಬೆಳೆಸುತ್ತಿರುವ ಮನೆಗಳನ್ನು ಬಲ್ಲೆ, ಅವರ ಮೇಲೆ ನನಗೆ ಗೌರವವಿದೆ. ನನ್ನ ಸಹೋದ್ಯೋಗಿಯೊಬ್ಬರು 'ಪ್ಲಾಂಟ್ ಬೇಸ್ಡ್' ಎಂದು ಹೇಳಿಕೊಂಡು ಮೂರು ವರ್ಷದ ಮಗುವಿಗೆ ಹಾಲಿನ ಬದಲು ಬಾದಾಮಿ ಹಾಲಿನ ಡಬ್ಬ ತರಿಸುತ್ತಿದ್ದರು. ಅದರಲ್ಲಿ ಹೆಚ್ಚಿನದು ನೀರು. ಪ್ರೋಟೀನ್ ಲೆಕ್ಕದಲ್ಲಿ ಹಸುವಿನ ಹಾಲಿನ ಹತ್ತಿರವೂ ಬರುವುದಿಲ್ಲ, ಬೆಲೆಯಲ್ಲಿ ಮಾತ್ರ ಎಷ್ಟೋ ಮುಂದೆ. ಡಬ್ಬದ ಹಿಂಭಾಗ ಓದಿ ಅಂದಿದ್ದಕ್ಕೆ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಹಾಗಾಗಿ ನಮ್ಮ ಮನೆಯ ನಾಲ್ಕು ಮೊಟ್ಟೆಗಳು ಚಪಲವಲ್ಲ. ಆ ತೊಂಬತ್ತು ಭಾಗ ಸೊಪ್ಪುಕಾಳನ್ನು ನಾನು ನೆಮ್ಮದಿಯಿಂದ ಬಡಿಸಲು ಸಾಧ್ಯವಾಗಿರುವುದೇ ಅವುಗಳಿಂದ.

ನಾನು ದಿನಾ ಗಿಂಡಿಯ ಆಫೀಸಿಗೆ ಮೆಟ್ರೋ ಹತ್ತುವ ನಿಲ್ದಾಣದ ಹೆಸರು ಸರ್ ತ್ಯಾಗರಾಯ ಕಾಲೇಜು. ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿ ಮದ್ರಾಸ್ ನಗರಸಭೆಯ ಅಧ್ಯಕ್ಷರಾಗಿದ್ದಾಗ, 1920ರಲ್ಲಿ, ಥೌಸಂಡ್ ಲೈಟ್ಸ್‌ನ ನಗರಸಭೆ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಶುರುವಾಯಿತು. ಹಸಿವಿನಿಂದ ಮಕ್ಕಳು ಶಾಲೆ ಬಿಡುತ್ತಿದ್ದಾರೆ ಎಂಬ ಸರಳ ಕಾರಣಕ್ಕೆ. ಆಮೇಲೆ 1950ರ ದಶಕದಲ್ಲಿ ಕಾಮರಾಜ್, 1982ರಲ್ಲಿ ಎಂಜಿಆರ್ ಅದನ್ನು ಹಿಗ್ಗಿಸಿದರು. 1989ರಲ್ಲಿ ಕರುಣಾನಿಧಿ ಸರ್ಕಾರ ಮೊಟ್ಟೆ ಸೇರಿಸಿತು, 2010ರ ಹೊತ್ತಿಗೆ ಅದು ವಾರಕ್ಕೆ ಐದಾಯಿತು. ತಿನ್ನದವರಿಗೆ ಬಾಳೆಹಣ್ಣು. ನಮ್ಮ ಬೀದಿಯ ಸರ್ಕಾರಿ ಶಾಲೆಯ ಮಗುವಿಗೆ ಸಹಜವಾಗಿ ಸಿಗುವ ಮೊಟ್ಟೆ, ಲಕ್ಷಗಟ್ಟಲೆ ಶುಲ್ಕ ಕಟ್ಟುವ ನನ್ನ ಮಗಳ ಡಬ್ಬಿಯಲ್ಲಿ ಅಪರಾಧ. ಇದರಲ್ಲಿ ಯಾರು ಹಿಂದುಳಿದವರು?

ನಮ್ಮ ಕರ್ನಾಟಕದ ಕಥೆ ಗೊತ್ತೇ ಇದೆ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಯಾರೂ ತಕರಾರು ಎತ್ತಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳದ ಕಡೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಸಿಡಿದೆದ್ದರು. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ಗುಡುಗಿದ್ದಳು. ಆ ವಿಡಿಯೋವನ್ನು ನಾವೆಲ್ಲ ನೋಡಿ ನಕ್ಕೆವು, ಮುಂದಕ್ಕೆ ಕಳಿಸಿದೆವು, ಮರೆತೆವು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಬಂತು, ಬೇಡದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಕರ್ನಾಟಕದಲ್ಲಿ ಶೇ. 35.4, ತಮಿಳುನಾಡಿನಲ್ಲಿ ಶೇ. 25. ಮೊಟ್ಟೆಯೊಂದರಿಂದಲೇ ಈ ವ್ಯತ್ಯಾಸ ಎನ್ನುವಷ್ಟು ದಡ್ಡಿ ನಾನಲ್ಲ. ಹೆರಿಗೆ ಆಸ್ಪತ್ರೆ, ತಾಯಿಯ ಓದು, ಶೌಚಾಲಯ, ಪಡಿತರ ಎಲ್ಲವೂ ಸೇರಿರುತ್ತದೆ. ಆದರೆ ಮಕ್ಕಳ ತಟ್ಟೆಗೆ ಏನು ಬೀಳಬೇಕು ಎಂಬುದನ್ನು ಮಕ್ಕಳ ಎತ್ತರ ನೋಡಿ ತೀರ್ಮಾನಿಸುವ ಊರಿಗೂ ದೊಡ್ಡವರ ಮಡಿ ನೋಡಿ ತೀರ್ಮಾನಿಸುವ ಊರಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಶಾಲೆಯ ಕಡೆಯಿಂದ ಬರಬಹುದಾದ ಒಂದೇ ಒಂದು ನ್ಯಾಯವಾದ ಮಾತಿದೆ. ಮಕ್ಕಳು ಡಬ್ಬಿ ಹಂಚಿಕೊಳ್ಳುತ್ತಾರೆ, ತಿನ್ನದ ಮನೆಯ ಮಗು ಗೊತ್ತಿಲ್ಲದೆ ತಿಂದುಬಿಟ್ಟರೆ? ಇದು ನಿಜವಾದ ಆತಂಕ, ಆ ಮನೆಯವರ ನೋವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಕಡಲೆಕಾಯಿ ಅಲರ್ಜಿ ಇರುವ ಮಗುವೂ ತರಗತಿಯಲ್ಲಿ ಇರಬಹುದಲ್ಲ. ಕೇಳದೆ ಇನ್ನೊಬ್ಬರ ಡಬ್ಬಿಗೆ ಕೈ ಹಾಕಬಾರದು ಎಂದು ಕಲಿಸಿದರೆ ಎರಡೂ ಬಗೆಹರಿಯುತ್ತವೆ. ನನ್ನ ಮಗಳ ಪಕ್ಕ ಕೂರುವ ಹುಡುಗಿ ಜೈನರ ಮನೆಯವಳು, ಈರುಳ್ಳಿಯನ್ನೂ ತಿನ್ನುವುದಿಲ್ಲ. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆಗೆ ಉಣ್ಣುತ್ತಾರೆ. ಅವಳಿಗೆ ಏನು ಕೊಡಬಹುದು, ಏನು ಕೊಡಬಾರದು ಎಂದು ಮಗಳಿಗೆ ಬಾಯಿಪಾಠ. ಮಕ್ಕಳು ಕಲಿತಿದ್ದರು. ಚೀಟಿ ಬಂದ ಮೇಲೆ ಗೊಂದಲವಾಯಿತು.

ನಮ್ಮಂಥ ಅಪ್ಪ ಅಮ್ಮಂದಿರ ಮೇಲೆ ನನಗೆ ಶಾಲೆಗಿಂತ ಹೆಚ್ಚು ಕೋಪ. ಆ ತರಗತಿಯಲ್ಲಿ ಎಷ್ಟು ಮನೆಗಳು ಮೊಟ್ಟೆ ತಿನ್ನುತ್ತವೆ ಎಂದು ಲೆಕ್ಕ ಹಾಕಬೇಕಾಗಿಲ್ಲ. 2014ರ ಸರ್ಕಾರಿ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಸಸ್ಯಾಹಾರಿಗಳು ನೂರಕ್ಕೆ ಮೂರೂ ಇಲ್ಲ, ಕರ್ನಾಟಕದಲ್ಲೇ ಸುಮಾರು ಇಪ್ಪತ್ತೊಂದು. ಆದರೂ ಚೀಟಿಯ ಕೆಳಗೆ ಎಲ್ಲರೂ ಸಹಿ ಹಾಕಿ ಕಳಿಸಿದರು. ಮನೆಯಲ್ಲಿ ಆಮ್ಲೆಟ್, ಡಬ್ಬಿಯಲ್ಲಿ ಪಾವಿತ್ರ್ಯ. ಹಳ್ಳಿಯಿಂದ ಬಂದು, ಎಂಟೆಕ್ ಮಾಡಿ, ಗೇಟೆಡ್ ಕಮ್ಯುನಿಟಿಯ ಕನಸು ಕಾಣುವ ನಾವು ಮೊದಲು ಕಲಿಯುವ ನಾಜೂಕು ಅಂದರೆ ಅಪ್ಪನ ಮನೆಯ ಅಡುಗೆಯನ್ನು ಮುಚ್ಚಿಡುವುದು. ನಾನೂ ಮುಚ್ಚಿಟ್ಟಿದ್ದೇನೆ. ಆಫೀಸಿನ ಮೊದಲ ನಾಲ್ಕೈದು ವರ್ಷ ಕ್ಯಾಂಟೀನಿನಲ್ಲಿ ಮೊಸರನ್ನ ಬಿಟ್ಟು ಬೇರೇನೂ ತಿಂದವಳಲ್ಲ. ಯಾರೂ ಬೇಡ ಅಂದಿರಲಿಲ್ಲ.

ಮಗಳಿಗೆ ಆ ರಾತ್ರಿ ಮುದ್ದೆ ಮಾಡಿಕೊಡುತ್ತಾ ಹೇಳಿದೆ, ಮೊಟ್ಟೆ ಕೊಳಕಲ್ಲ, ಕೆಲವರು ತಿನ್ನಲ್ಲ, ನಾವು ತಿಂತೀವಿ, ಅಷ್ಟೇ. "ಹಾಗಾದರೆ ಮಿಸ್ ಯಾಕೆ ಮುಚ್ಚು ಅಂದ್ರು?" ಅಂದಳು. ಅದನ್ನು ಮಿಸ್‌ಗೇ ಕೇಳೋಣ ಅಂದೆ. ಚೀಟಿಗೆ ಸಹಿ ಹಾಕದೆ, ಹಿಂದೆ ಮೂರು ಸಾಲು ಬರೆದು ಕಳಿಸಿದ್ದೇನೆ: ಈ ನಿಯಮಕ್ಕೆ ಕಾರಣವೇನು, ಯಾವ ಪೌಷ್ಟಿಕ ತಜ್ಞರನ್ನು ಕೇಳಿದಿರಿ, ಬಿಸ್ಕತ್ತು ಚಿಪ್ಸಿಗೆ ಯಾಕೆ ನಿಯಮವಿಲ್ಲ. ಉತ್ತರ ಬಂದಿಲ್ಲ. ಮುಂದಿನ ಶನಿವಾರ ಪೋಷಕರ ಸಭೆ. ಆ ಜೈನ ಹುಡುಗಿಯ ತಾಯಿ ನಿನ್ನೆ ಫೋನ್ ಮಾಡಿ, ತಾನೂ ಬಂದು ನನ್ನ ಪಕ್ಕ ಕೂರುತ್ತೇನೆ ಅಂದರು. ಮೊಟ್ಟೆ ತಿನ್ನುವ ಮನೆಯವರಿಂದ ಇನ್ನೂ ಯಾರ ಫೋನೂ ಬಂದಿಲ್ಲ.