ಹೊಗೆಯೊಡನೆ ಬರುವ ಪಾದರಸ

ಕಬ್ಬಿನ ಬಿತ್ತನೆ ತುಂಡುಗಳನ್ನು ಅಗಲಾಲ್ ದ್ರಾವಣದಲ್ಲಿ ಅದ್ದಿ ನಾಟಿ ಮಾಡುತ್ತಿದ್ದುದು ಹಿರಿಯ ರೈತ ಬಾಂಧವರಿಗೆ ನೆನಪಿರಬಹುದು. ಅದರಲ್ಲಿದ್ದುದು ಪಾದರಸದ ಸಂಯುಕ್ತ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಡಬ್ಬಿಯ ಪಾದರಸಕ್ಕೆ ತಡೆ ಬಿತ್ತು. ಚಿಮಣಿಯಿಂದ ಬರುವುದು ನಿಂತಿಲ್ಲ.

ಚೆನ್ನೈಯ ಉತ್ತರಕ್ಕಿರುವ ಎಣ್ಣೂರನ್ನು ನೋಡಿ. ಅಲ್ಲಿ ಸಮುದ್ರ ದಂಡೆಯಲ್ಲೇ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿವೆ. ಪಕ್ಕದ ಅಳಿವೆಯಲ್ಲಿ ಮೀನುಗಾರರು ಬಲೆ ಬೀಸುತ್ತಾರೆ. ಕಲ್ಲಿದ್ದಲಿನಲ್ಲಿ ಅತ್ಯಲ್ಪ ಪ್ರಮಾಣದ ಪಾದರಸ ಇರುತ್ತದೆ. ಸುಟ್ಟಾಗ ಅದು ಆವಿಯಾಗುತ್ತದೆ. ಸ್ವಲ್ಪ ಭಾಗ ಬೂದಿಗೆ ಅಂಟುತ್ತದೆ, ಸ್ವಲ್ಪ ಹತ್ತಿರದಲ್ಲೇ ಮಳೆಯೊಡನೆ ಇಳಿಯುತ್ತದೆ. ಉಳಿದದ್ದು ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ ದೂರದ ನೆಲ ಸೇರುತ್ತದೆ. ಆದ್ದರಿಂದ ಇದು ಪಟ್ಟಣದವರ ತೊಂದರೆ ಮಾತ್ರವೆಂದು ತಿಳಿಯಬಾರದು.

ಕೆಸರಿನಲ್ಲಿ, ನೀರು ನಿಂತ ಭತ್ತದ ಗದ್ದೆಯಲ್ಲಿ ಸಹ, ಸೂಕ್ಷ್ಮಜೀವಿಗಳು ಇದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಚಿಕ್ಕ ಮೀನನ್ನು ದೊಡ್ಡ ಮೀನು ತಿಂದಂತೆ ಇದರ ಪ್ರಮಾಣ ಏರುತ್ತದೆ. ತೊಳೆದರೂ ಬೇಯಿಸಿದರೂ ಹೋಗದು. ಗರ್ಭದಲ್ಲಿರುವ ಮಗುವಿನ ಮಿದುಳಿಗೆ ಇದು ಹಾನಿಕರ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಪತ್ತೆಯಾದ ರೋಗಕ್ಕೆ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಇದೇ ವಿಷ ಕಾರಣ.

ಸ್ಥಾವರಗಳ ಹೊಗೆಯ ಪ್ರತಿ ಘನ ಮೀಟರಿನಲ್ಲಿ ಪಾದರಸ 0.03 ಮಿಲಿಗ್ರಾಂ ಮೀರಬಾರದೆಂದು 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಲಾಯಿತು. ಗಂಧಕವನ್ನು ತೆಗೆಯಲು ಹೊಗೆಯನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆಯುವ ಯಂತ್ರ ಪಾದರಸದ ಒಂದು ಪಾಲನ್ನೂ ಹಿಡಿಯುತ್ತದೆ. ಆದರೆ 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ಈ ಯಂತ್ರದಿಂದ ವಿನಾಯಿತಿ ದೊರೆಯಿತು. ದೆಹಲಿ ರಾಜಧಾನಿ ವಲಯಕ್ಕೆ ಮತ್ತು ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಿಗೆ 10 ಕಿ.ಮೀ. ಒಳಗಿರುವವು 2027ರ ಕೊನೆಯೊಳಗೆ ಅಳವಡಿಸಬೇಕು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆಯೆಂಬುದು ಸರ್ಕಾರದ ವಾದ. ಅದು ಗಂಧಕದ ಲೆಕ್ಕ. ಪಾದರಸದ ಲೆಕ್ಕ ಬೇರೆ. ಜನಸಂಖ್ಯೆಯ ಲೆಕ್ಕದಲ್ಲಿ ಹಳ್ಳಿ ಹಿಂದೆ ಬೀಳುತ್ತದೆ, ಊಟದ ಲೆಕ್ಕದಲ್ಲಿ ಬೀಳಬಾರದು.

ತಾವು ಮಾಡಬಹುದಾದದ್ದು ಇಷ್ಟು. ಸ್ಥಾವರದ ಬೂದಿಯನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ. ಗರ್ಭಿಣಿಯರು ಶಾರ್ಕ್‌ನಂಥ ದೊಡ್ಡ ಮೀನು ಬಿಟ್ಟು ಬೂತಾಯಿಯಂಥ ಚಿಕ್ಕ ಮೀನು ತಿನ್ನಲಿ. ಹತ್ತಿರದಲ್ಲಿ ಸ್ಥಾವರವಿದ್ದರೆ, ಪಾದರಸದ ಅಳತೆಯ ಅಂಕಿಗಳನ್ನು ಕೊಡಿರೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.