ಮನಿಯವರಿಗೆ ಎಂಥಾ ಥ್ಯಾಂಕ್ಸು?

ನ್ಯೂಝಿಲೆಂಡಿಂದ ಬಂದು ಹದಿನೈದು ದಿನ ಆತು. ಎಲ್ಲಾರೂ ಕೇಳೋದು ಒಂದ, "ಏನೇನ ನೋಡಿದ್ರಿ, ಫೋಟೊ ತೋರಸ್ರಿ." ಫೋಟೊ ತೋರಿಸೇನಿ. ಮೊನ್ನೆ ಅರಿಷಿಣ ಕುಂಕುಮದಾಗ ಎದುರುಮನಿ ವೈನಿ ಮುಂದ ಮಾತಿನ್ಯಾಗ ಮಾತು ಬಂದು, "ಹೊರಡೋ ದಿನ ಸೊಸಿಗೆ ಥ್ಯಾಂಕ್ಸ್ ಹೇಳಿ ಬಂದೆ" ಅಂದೆ. ವೈನಿ ನಕ್ಕು, "ಅಯ್ಯ, ಮನಿಯವರಿಗೆ ಎಂಥಾ ಥ್ಯಾಂಕ್ಸ್ರೀ, ಅಕಿ ಏನು ಪರಕೀಯಳೇನು?" ಅಂದ್ರು. ಕೂತ ನಾಕೂ ಮಂದಿ ಹೌದಂತ ತಲಿ ಆಡಿಸಿದ್ರು. ನನ್ನ ಕೈಯಾಗ ಫರಾಳದ ಪ್ಲೇಟ್ ಇತ್ತು, ಸುಮ್ಮನಾದೆ. ಉತ್ತರಾ ಇಲ್ಲೆ ಬರೀತೀನಿ ವೈನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

"ಮನಿಗೆ ಗಾಲಿ ಹಚ್ಚಿದ ಗಾಡಿ ಅದ ಅವ್ವಾ, ಹನ್ನೆರಡು ದಿನ ಅದರಾಗ ಅಡ್ಡಾಡೋಣು" ಅಂತ ಮಗ ಅಂದಿದ್ದ. ಮೋಟರ್‌ಹೋಮ್ ಅಂತಾರ. ನನಗ ಭಾಳ ಖುಷಿ ಆತು. ಗಾಲಿ ಹಚ್ಚಿದ್ರೂ ಮನಿ ಅಂದ್ರ ಮನೀನ, ಒಲಿ ಇರ್ತದ, ಭಾಂಡೆ ಇರ್ತಾವ ಅನ್ನೋದು ಆಮ್ಯಾಲೆ ತಿಳೀತು. ಕ್ರೈಸ್ಟ್‌ಚರ್ಚಿಂದ ಹೊಂಟು ಟೆಕಾಪೊ ಕೆರಿ, ಲಿಂಡಿಸ್ ಘಾಟು, ವನಾಕಾ, ಅಲ್ಲಿಂದ ಪಶ್ಚಿಮ ಕರಾವಳಿಗೆ ಹಾಸ್ಟ್, ಮುಂದ ಹೊಕಿಟಿಕಾ, ಆರ್ಥರ್ಸ್ ಪಾಸ್ ದಾಟಿ ವಾಪಸ್ ಕ್ರೈಸ್ಟ್‌ಚರ್ಚು. ಸಾವಿರ ಕಿಲೋಮೀಟರ್ ಮ್ಯಾಲಾತು. ಎಪ್ರಿಲ್ ತಿಂಗಳು ನಮಗ ಬ್ಯಾಸಗಿ, ಅವರಿಗೆ ಎಲಿ ಉದರೋ ಕಾಲ. ರಾತ್ರಿ ಹಲ್ಲು ಕಡಿಯೋವಂಥಾ ಥಂಡಿ.

ಗಾಡಿ ಪೂರ್ತಿ ಹೊಡದಾಕಿ ಸೊಸಿ. ಮಗನಿಗೆ ಬೆನ್ನುನೋವು. ಖರೇ ಹೇಳ್ತೀನಿ, ಮೊದಲನೇ ದಿನ ನನಗ ಸೇರಲಿಲ್ಲ. ಗಂಡ ಬಾಜೂಕ ಕೂತು ನಕಾಶಿ ನೋಡೋದು, ಹೆಂಡತಿ ಲಾರಿಯಂಥಾದ್ದು ಹೊಡಿಯೋದು! ಅಕಿ ಮೈಸೂರು ಕಡೆಯಾಕಿ, ಮಾತು ಮೆತ್ತಗ. "ಅತ್ತೆ, ಕಪಾಟಿನ ಬಾಗಿಲೆಲ್ಲ ಒತ್ತಿ ಹಾಕಿದೀರಾ?" ಅಂತ ಕೇಳಿದ್ಲು. ಹಾಕೇನಿ ಅಂದೆ. ಹಾಕಿರಲಿಲ್ಲ. ಮೊದಲನೇ ತಿರುವಿನ್ಯಾಗ ಮ್ಯಾಲಿನ ಕಪಾಟು ತಗದು ಶೇಂಗಾ ಚಟ್ನಿ ಡಬ್ಬಿ ಇವರ ತಲಿ ಮ್ಯಾಲೆ ಬಿತ್ತು. ಆ ಚಟ್ನಿ ನಾ ವಿಮಾನ ನಿಲ್ದಾಣದಾಗ ಅರ್ಜಿಯೊಳಗ ಬರದು, ಅಧಿಕಾರಿಗೆ ತೋರಿಸಿ, ಎದಿ ಢವಢವ ಅನಿಸ್ಕೊಂಡು ಒಳಗ ತಂದಿದ್ದು. (ತಿನ್ನೋ ಸಾಮಾನು ಒಯ್ದರ ಮುಚ್ಚಿಡಬ್ಯಾಡ್ರಿ, 400 ಡಾಲರ್ ದಂಡಾ ಅಲ್ಲೇ ನಿಂತಲ್ಲೆ ಹಾಕ್ತಾರ. ಜೇನುತುಪ್ಪ ಅಂತೂ ಬಿಡಂಗೇ ಇಲ್ಲ.) ಸೊಸಿ ಗಾಡಿ ನಿಂದರಿಸಿ, ಒಂದು ಮಾತು ಆಡದ ಬಳದು ತಗದ್ಲು.

ನೀರಿನ ವಿಷಯದಾಗ ಮಾತ್ರ ನಾನ ಶಾಣ್ಯಾಕಿ. ಟಾಕಿ ಸಣ್ಣದು. ಎರಡನೇ ದಿನ ಮಗ ಸ್ನಾನಕ್ಕ ನಿಂತು, ಸಾಬೂನು ಹಚ್ಕೊಂಡ ಮ್ಯಾಲೆ ನೀರು ಮುಗದು "ಅವ್ವಾ" ಅಂತ ಒದರಿದ. ಧಾರವಾಡದಾಗ ಎಂಟು ದಿನಕ್ಕೊಮ್ಮೆ ನಳ ಬಿಡೋ ಕಾಲದಾಗ ಸಂಸಾರ ಮಾಡಿದಾಕಿ ನಾನು. ಅವತ್ತಿಂದ ಒಂದು ತಂಬಿಗಿಯೊಳಗ ಭಾಂಡೆ ತಿಕ್ಕಿ ತೋರಿಸಿದೆ.

ಇನ್ನ ಸಂಡಾಸದ ಮಾತು. ಬರೀಬಾರದು ಅನಿಸ್ತದ, ಆದ್ರ ನನ್ನ ವಾದದ ಬೇರು ಅಲ್ಲೇ ಅದ. ಗಾಡಿಯ ಸಂಡಾಸದ ಕೆಳಗ ಒಂದು ಪೆಟ್ಟಿಗಿ ಇರ್ತದ. ಎರಡು ಮೂರು ದಿನಕ್ಕೊಮ್ಮೆ ಅದನ್ನ ಹೊರಗಿಂದ ಎಳದು, ಗೊತ್ತು ಮಾಡಿದ ಜಾಗಾಕ್ಕ ಒಯ್ದು, ಖಾಲಿ ಮಾಡಿ, ತೊಳದು ತರಬೇಕು. ಎಷ್ಟ ದೊಡ್ಡ ಮನಷ್ಯಾ ಇದ್ರೂ ಅವರವರದು ಅವರೇ. ಕೋಟು ಹಾಕ್ಕೊಂಡ ಮುದುಕರು ಪೆಟ್ಟಿಗಿ ಹಿಡಕೊಂಡು ಪಾಳೇಕ ನಿಂತು ಹವಾಮಾನ ಮಾತಾಡ್ತಿರ್ತಾರ. ನಮ್ಮನಿಯವರು ದೂರ ನಿಂತು ಮೂಗು ಮುಚ್ಕೊಂಡ್ರು. ನಲವತ್ತೊಂದು ವರ್ಷದ ಸಂಸಾರದಾಗ ಬಚ್ಚಲಾ ತಿಕ್ಕಿದವರಲ್ಲ. ಬೆನ್ನುನೋವಿನ ಮಗನೇ ಮಾಡಿದ.

ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ. ನಾ ಸಣ್ಣಾಕಿ ಇದ್ದಾಗ ನಮ್ಮ ಹಳೇ ಮನಿ ಹಿತ್ತಲದಾಗ ಒಂದು ಸಣ್ಣ ಬಾಗಿಲಿತ್ತು. ದಿನಾ ಮುಂಜಾನೆ ಒಬ್ಬಾಕಿ ಬಂದು, ಬುಟ್ಟಿ ತುಂಬ್ಕೊಂಡು, ತಲಿ ಮ್ಯಾಲೆ ಹೊತ್ಕೊಂಡು ಹೋಗ್ತಿದ್ಲು. ಅಕಿ ಬರೋ ಹೊತ್ತಿನ್ಯಾಗ ನಮಗ ಹಿತ್ತಲಕ್ಕ ಹೋಗಬ್ಯಾಡ ಅಂತಿದ್ರು. 1970ರ ದಶಕದಾಗ ಬಸವಲಿಂಗಪ್ಪನವರು ಮಂತ್ರಿ ಇದ್ದಾಗ ತಲಿ ಮ್ಯಾಲೆ ಹೊರೋದು ಬಂದ್ ಮಾಡಿದ್ರು. ನಮ್ಮ ಮನ್ಯಾಗ ಅವತ್ತು ಆಡಿದ ಮಾತು, "ಇನ್ನ ನಮ್ಮ ಗತಿ ಏನು?" ಅಂತ. ಅಕಿ ಗತಿ ಏನಾತು ಅಂತ ಯಾರೂ ಕೇಳಲಿಲ್ಲ. ಅಕಿ ಹೆಸರು ನನಗ ಇವತ್ತಿಗೂ ಗೊತ್ತಿಲ್ಲ. ಥ್ಯಾಂಕ್ಸ್ ದೂರ ಉಳೀತು, ಮಾರಿ ನೋಡಿದ್ದಿಲ್ಲ. ಬಂದು ಮಾಡಿ ಹೋಗೋ ಕೆಲಸಕ್ಕ ನಾವು ಯಾವತ್ತೂ ಏನೂ ಅನ್ನೋದಿಲ್ಲ ವೈನಿ, ಪರಕೀಯರಿಗೂ ಅನ್ನೋದಿಲ್ಲ, ಮನಿಯವರಿಗೂ ಅನ್ನೋದಿಲ್ಲ.

ಈಗ ಹಾಸ್ಟಿನ ಕಥಿ.

ಇವರಿಗೆ ರಾತ್ರಿ ಇನ್ಸುಲಿನ್ ಬೇಕು, ನಿಮಗೆಲ್ಲಾ ಗೊತ್ತದ. ಇಪ್ಪತ್ತೆರಡು ವರ್ಷ ಆತು, ಪೆನ್ನಿಗೆ ಸೂಜಿ ಹಚ್ಚೋದು, ಯೂನಿಟ್ ತಿರುವೋದು, ಚುಚ್ಚೋದು ನಂದ. ಇವರು ಪೇಪರ್ ಓದ್ಕೋತ ಅಂಗಿ ಎತ್ತತಾರ, ಅಷ್ಟ. ಗಾಡಿಯ ಫ್ರಿಜ್ಜು ಸಣ್ಣದು, ಬಾಗಿಲಾಗ ಹಾಲಿನ ಡಬ್ಬಿ ಕೂತಿತ್ತು. ಹೊಸಾ ಎರಡು ಪೆನ್ ಹಿಂದಿನ ಗ್ವಾಡಿಗೆ ಹಚ್ಚಿ ಇಟ್ಟೆ. ಥಂಡ ಇದ್ದಷ್ಟು ಛೊಲೊ ಅಂತ ತಿಳದಿದ್ದೆ. ಹಾಸ್ಟಿನ್ಯಾಗ ರಾತ್ರಿ ತಗದ್ರ ಎರಡೂ ಬರ್ಫ್ ಆಗಿದ್ವು.

ಇವರು ಸಿಟ್ಟಿಗೆದ್ದು, "ಇಷ್ಟ ವರ್ಷ ಆತು, ಇದೂ ತಿಳಿಯಂಗಿಲ್ಲೇನು ನಿನಗ?" ಅಂದ್ರು. ನಾ ತಲಿ ಕೆಳಗ ಹಾಕಿದೆ. ತಪ್ಪು ನಂದ ಇತ್ತಲ್ಲ. ಆಗ ಸೊಸಿ, ಅದೇ ಮೆತ್ತನ ಧ್ವನಿಯಾಗ, "ಮಾವ, ಔಷಧಿ ನಿಮ್ಮದಲ್ವಾ? ಎಲ್ಲಿಡಬೇಕು ಅಂತ ನಿಮಗೆ ಗೊತ್ತಿತ್ತಾ?" ಅಂದ್ಲು. ಗಾಡಿಯೊಳಗ ಸಣ್ಣ ಶಬ್ದಾನೂ ಇಲ್ಲ. ನನಗ ಸೊಸಿ ಮ್ಯಾಲೆ ಸಿಟ್ಟು ಬಂತು ನೋಡ್ರಿ, ಹಿರಿಯಾರಿಗೆ ಹಿಂಗನ್ನೋದ ಅಂತ! ನನ್ನ ಪರವಾಗಿ ಮಾತಾಡ್ಯಾಳ ಅನ್ನೋದು ತಲಿಗೆ ಹೋಗಲಿಕ್ಕೆ ಅರ್ಧಾ ತಾಸು ಹಿಡೀತು.

ಕರಗಿದ ಮ್ಯಾಲೆ ನಡೀತದ ಅಂದ್ರು ಇವರು. ಸೊಸಿ ಚೀಟಿ ಓದಿ ಹೇಳಿದ್ಲು, ಒಮ್ಮೆ ಗಡ್ಡಿ ಕಟ್ಟಿದ ಇನ್ಸುಲಿನ್ ಕರಗಿ ನೋಡಲಿಕ್ಕೆ ಮೊದಲಿನಂಗ ಇದ್ರೂ ಉಪಯೋಗಿಸಬಾರದು. (ನಿಮ್ಮ ಮನ್ಯಾಗೂ ಇದ್ರ ಫ್ರಿಜ್ಜಿನ ಬಾಗಿಲಾಗ ಇಡ್ರಿ, ಹಿಂದಿನ ಗ್ವಾಡಿಗೆ ಹಚ್ಚಬ್ಯಾಡ್ರಿ.) ನನ್ನ ಚೀಲದಾಗ ನಡೆದಿದ್ದ ಹಳೇ ಪೆನ್ನಿತ್ತು. 300 ಯೂನಿಟ್‌ದಾಗ ಉಳದಿದ್ದು ಇಪ್ಪತ್ನಾಕು, ಇವರಿಗೆ ಬೇಕಾದ್ದು ಹದಿನೆಂಟು. ಅವತ್ತಿನ ರಾತ್ರಿ ಆತು. ನಾಳಿಗೆ ಇಲ್ಲ. ದೊಡ್ಡ ಔಷಧ ಅಂಗಡಿ ಸಿಗೋ ಹೊಕಿಟಿಕಾ ಸುಮಾರು 280 ಕಿಲೋಮೀಟರ್, ಮತ್ತ ಅವತ್ತ ನಮ್ಮ ಫೋನ್ ಹತ್ತಲಿಲ್ಲ.

ಮುಂಜಾನೆ ಐದೂವರಿಗೆ ಎದ್ರ ಗಾಡಿ ಚಾಲೂ ಆಗವಲ್ಲದು. ರಾತ್ರಿ ಚೀಟಿ ಓದಲಿಕ್ಕೆ ಮುಂದಿನ ದೀಪಾ ಹಚ್ಚಿದ್ದು ಆರಸಲಿಕ್ಕೆ ಮಗ ಮರತಿದ್ದ, ಬ್ಯಾಟರಿ ಇಳದುಹೋಗಿತ್ತು. ಬಾಜೂ ಗಾಡಿಯಿಂದ ಎಪ್ಪತ್ತರ ಮ್ಯಾಲಿನ ಒಬ್ಬ ಹೆಣ್ಣಮಗಳು ಬಂದ್ಲು, ಮಲಗೋ ಬಟ್ಟಿ ಮ್ಯಾಲೆ ಗಮ್‌ಬೂಟು. ಮೊದಲ ಬೈದ್ಲು, ಮಲಗೋ ಮುಂದ ದೀಪಾ ನೋಡಬೇಕಿಲ್ಲೇನು ಅಂತ. ಆಮ್ಯಾಲೆ ತನ್ನ ಗಾಡಿ ತಂದು, ವೈರ್ ಹಚ್ಚಿ ಚಾಲೂ ಮಾಡಿಕೊಟ್ಲು. ಇವರು ಅಕಿಗೆ ಏಳು ಸಲ ಥ್ಯಾಂಕ್ಯೂ ಅಂದ್ರು. ಎಣಿಸೇನಿ ನಾ. ಅಕಿ ಕೈ ಬೀಸಿ, ಸ್ಯಾಂಡ್‌ಫ್ಲೈ ಅನ್ನೋ ಕಚ್ಚೋ ನೊಣಾ ಹೊಡಕೋತ ಚಹಾ ಕುಡೀಲಿಕ್ಕೆ ಹೋಗಿಬಿಟ್ಲು.

ಆ ರಸ್ತೆದಾಗ ಒಂದೇ ಗಾಡಿ ದಾಟೋವಂಥಾ ಸೇತುವಿ ಭಾಳ. ದೊಡ್ಡ ಬಾಣ ನಿಮ್ಮ ಕಡೆ ಇದ್ರ ನೀವು ಹೋಗಬೇಕು, ಸಣ್ಣ ಕೆಂಪು ಬಾಣ ಇದ್ರ ನಿಂದರಬೇಕು. ಹಾಸ್ಟ್ ನದಿ ಸೇತುವಿ ಒಂದ 700 ಮೀಟರಿಗಿಂತ ಉದ್ದ, ಮ್ಯಾಲೆ ಮಳಿ. ಸೊಸಿ ಕಣ್ಣು ಪಿಳುಕಿಸದ ಹೊಡದ್ಲು. ನಾ ಹಿಂದ ಕೂತು ಅಕಿ ಕೈ ನೋಡ್ತಿದ್ದೆ, ಸ್ಟೇರಿಂಗ್ ಹಿಡದು ಬೆರಳು ಬೆಳ್ಳಗ ಆಗಿದ್ವು. ಐದು ದಿನದಿಂದ ಅಕಿ ಪ್ಯಾಂಟಿನ ಬಗ್ಗೆ, ಬರೇ ಹಣಿ ಬಗ್ಗೆ ಮನಸಿನ್ಯಾಗ ಗೊಣಗಿದಾಕಿ ನಾನ.

ಮಧ್ಯಾಹ್ನ ಮೂರಕ್ಕ ಮುಟ್ಟಿದ್ವಿ. ಧಾರವಾಡದ ಡಾಕ್ಟರ ಚೀಟಿ ಇದ್ದ ಹಳದಿ ಫೈಲು ನನ್ನ ಚೀಲದಾಗಿತ್ತು, ಅದಕ್ಕ ಕೆಲಸ ಹಗುರಾತು. ಅಂಗಡಿಯಾಕಿ ಡಾಕ್ಟರ ಕಡೆ ಕಳಿಸಿದ್ಲು, ಅವರು ನೋಡಿ ಬರಕೊಟ್ರು. ಇವರು ಅಂಗಡಿಯಾಕಿಗೆ, ಡಾಕ್ಟರಿಗೆ, ಬಾಗಿಲಾ ಹಿಡದ ಹುಡುಗಗ ಸುದ್ದಾ ಥ್ಯಾಂಕ್ಯೂ ಅಂದ್ರು. ಲೆಕ್ಕ ಹದಿನೇಳಕ್ಕ ಬಂತು. ಗಾಡಿ ಹೊಡದಾಕಿಗೆ ಸೊನ್ನಿ. ಫೈಲು ಹೊತ್ತಾಕಿಗೆ ಸೊನ್ನಿ. ನಾನೂ ಅಕಿಗೆ ಏನೂ ಅಂದಿರಲಿಲ್ಲ, ಅದನ್ನೂ ಬರೀಬೇಕು.

ಅವತ್ತ ರಾತ್ರಿ ಇವರು ಅಂಗಿ ಎತ್ತಿದಾಗ ನಾ ಪೆನ್ನು ಕೈಯಾಗ ಕೊಟ್ಟೆ. "ನೀವ ತಿರುವ್ರಿ, ನಾ ಇಲ್ಲದಾಗ ಏನ ಮಾಡ್ತೀರಿ" ಅಂದೆ. ಕನ್ನಡಕಾ ಹಾಕ್ಕೊಂಡು, ಹತ್ತು ನಿಮಿಷ ಹಿಡದು, ಹದಿನೆಂಟಕ್ಕ ತಂದು ಚುಚ್ಕೊಂಡ್ರು. ಮರುದಿನ ಮಗ ಪೆಟ್ಟಿಗಿ ಎಳೀಲಿಕ್ಕೆ ಹೋದ್ರ, "ಬಿಡೋ, ನಾ ಒಯ್ತೀನಿ" ಅಂದ್ರು. ವಾಪಸ್ ಬಂದು ಕೈ ತೊಳದು, ತೊಳದು, ಮತ್ತ ತೊಳದು, ಸೊಸಿ ಮುಂದ ನಿಂತು "ಛೊಲೊ ಗಾಡಿ ಹೊಡದಿ ಬಿಡವಾ" ಅಂದ್ರು. ಅಕಿ ಕಣ್ಣಾಗ ನೀರು ಬಂತು. ಒಂದೇ ಮಾತಿಗೆ! ಮನಿಯವರಿಗೆ ಬೇಕಿಲ್ಲ ಅನ್ನೋ ಮಾತಾಗಿದ್ರ ಹಂಗ್ಯಾಕ ಅಳಬೇಕಾಗಿತ್ತು ವೈನಿ? ಮನಿಯವರಿಗೆ ಥ್ಯಾಂಕ್ಸ್ ಯಾಕ ಅನ್ನೋರು ಯಾವಾಗಲೂ ಮಾಡಿಸ್ಕೊಳ್ಳೋರ ಇರ್ತಾರ. ನಾವೂ ಅವರ ಮಾತೇ ನಂಬಿ, ಸೊಸಿ ಮಾಡಿದ್ದನ್ನ ಅಕಿ ಕರ್ತವ್ಯ ಅಂತ ಎಣಿಸ್ತೀವಿ. ಶಬ್ದ ಇಂಗ್ಲಿಷಿಂದು ಅನ್ನೋದು ಅಡ್ಡಿ ಆದ್ರ "ಭಾಳ ಛೊಲೊ ಆತವಾ" ಅನ್ರಿ, ನಮ್ಮದೇ ಮಾತದ.

ಊರಿಗೆ ಬಂದ ಮರುದಿನ ನಮ್ಮ ಭಾಂಡೆ ಬಚ್ಚಲಾ ತಿಕ್ಕಾಕಿ ಬಂದ್ಲು. ಹನ್ನೊಂದು ವರ್ಷದಿಂದ ಬರ್ತಾಳ. ಕೆಲಸ ಮುಗಿಸಿ ಸೆರಗಿಗೆ ಕೈ ಒರಸ್ತಿದ್ದಾಗ ನಾ "ಭಾಳ ಉಪಕಾರ ಆತು ನಿಂದು" ಅಂದೆ. ಅಕಿ ಮಾರಿ ಸಣ್ಣದಾತು. "ಯಾಕ್ರಿ ಅಕ್ಕಾರ, ನಾಳಿಂದ ಬರಬ್ಯಾಡಂತೀರೇನು?" ಅಂದ್ಲು.

ಐನೂರು ರೂಪಾಯಿ ಪಗಾರ ಹೆಚ್ಚು ಮಾಡಿ, ಐತವಾರ ಸೂಟಿ ಅಂತ ಹೇಳಿದ ಮ್ಯಾಲೆ ಅಕಿಗೆ ನಂಬಿಕಿ ಬಂತು. ಒಳಗಿಂದ ಇವರು ಕೇಳಿಸ್ಕೊಂಡು, "ಮತ್ತ ಐತವಾರ ಭಾಂಡೆ ಯಾರು ತಿಕ್ಕೋರು?" ಅಂದ್ರು. ನಾ ಇನ್ನೂ ಉತ್ತರಾ ಕೊಟ್ಟಿಲ್ಲ. ನಾಳೆ ಐತವಾರ.